ವಕೀಲರು ಹೋದ ಮೇಲೆ ಉಳಿದ ಕಟ್ಟುಗಳು: ಉಡುಪಿಯ ಒಂದು ಪ್ರಕರಣ

ಒಬ್ಬರೇ ಕಚೇರಿ ನಡೆಸುವ ವಕೀಲರು ಹಠಾತ್ತಾಗಿ ತೀರಿಕೊಂಡರೆ ಅವರ ಕೈಯಲ್ಲಿದ್ದ ಕೇಸುಗಳ ಗತಿ ಏನು? ಸಂತಾಪ ಸಭೆಯ ದಿನ ಈ ಪ್ರಶ್ನೆ ಎಲ್ಲರ ಬಾಯಲ್ಲೂ ಇರುತ್ತದೆ. ಉತ್ತರಕ್ರಿಯೆಯ ಊಟ ಮುಗಿಯುವಷ್ಟರಲ್ಲಿ ಮರೆತುಹೋಗಿರುತ್ತದೆ. ಉಡುಪಿಯ ಈ ಪ್ರಕರಣದಲ್ಲಿ ಮಾತ್ರ ಮರೆಯಲು ಅವರ ಮಗಳು ಬಿಡಲಿಲ್ಲ. ಕಚೇರಿ ಮುಚ್ಚುವ ಕೆಲಸಕ್ಕೆ ಕೈಜೋಡಿಸಿದ ನಾಲ್ಕೈದು ವಕೀಲರಲ್ಲಿ ನಾನೂ ಒಬ್ಬ. ಮಕ್ಕಳಿಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಯಾರ ಹೆಸರೂ ಇಲ್ಲ. ಕಕ್ಷಿದಾರರ ಊರು, ಕೇಸುಗಳ ವಿವರ, ಮನೆಯ ಕೆಲವು ಸಂಗತಿಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಮಾಡಿದ ತೀರ್ಮಾನಗಳು ಮಾತ್ರ ಇದ್ದದ್ದು ಇದ್ದ ಹಾಗೆ ಇವೆ.

ನಾಲ್ಕೂವರೆಗೆ ಎದ್ದು ಹೋಗುವ ವಕೀಲರು

ತೀರಿಕೊಂಡಾಗ ಅವರಿಗೆ 61 ವರ್ಷ. ಉಡುಪಿಯಲ್ಲೇ ಕಾನೂನು ಓದಿ, ಹಿರಿಯರೊಬ್ಬರ ಕೈಕೆಳಗೆ ಪಳಗಿ, ಕೋರ್ಟಿನ ಹಿಂಬದಿ ರಸ್ತೆಯಲ್ಲಿ ಸ್ವಂತ ಬೋರ್ಡು ಹಾಕಿದವರು. ಕೆಲಸ ಹೆಚ್ಚಾಗಿ ಸಿವಿಲ್ ಕಡೆಯದು: ಪಾಲಿನ ದಾವೆ, ಮೂಲಗೇಣಿ (ಶಾಶ್ವತ ಗೇಣಿ), ಕುಮ್ಕಿ (ಕೃಷಿ ಜಮೀನಿಗೆ ಹೊಂದಿದ ಸರ್ಕಾರಿ ಜಾಗದ ಸವಲತ್ತು), ದಾರಿ ತಕರಾರು. ಅಳಿಯಸಂತಾನದ, ಅಂದರೆ ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಮನೆತನಗಳ ಪಾಲಿನ ಕೇಸುಗಳಲ್ಲಂತೂ ಎತ್ತಿದ ಕೈ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಕವರುಗಳ (ಮನೆತನದ ಕವಲುಗಳ) ಪಾಲು ಹೇಗೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಯಾರ ಹಕ್ಕು ಯಾರಿಗೆ ಇಳಿಯಿತು ಎಂಬ ಲೆಕ್ಕವನ್ನು ಬಾರ್ ರೂಮಿನಲ್ಲಿ (ವಕೀಲರ ಸಂಘದ ಕೋಣೆಯಲ್ಲಿ) ಚಹಾ ಕುಡಿಯುತ್ತಾ ಹಳೆಯ ಕಾಸ್ ಲಿಸ್ಟಿನ (ದಿನದ ಕೇಸುಗಳ ಪಟ್ಟಿಯ) ಹಿಂಬದಿಯಲ್ಲಿ ವಂಶದ ಮರ ಬರೆದು ತೋರಿಸುತ್ತಿದ್ದರು. ನಮ್ಮಂಥ ಕಿರಿಯರು ಆ ಹಾಳೆಗಳನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದೆವು.

ಮಗಳಿಗೆ 11, ಮಗನಿಗೆ 5 ವರ್ಷ ಇದ್ದಾಗ ಹೆಂಡತಿ ಕಾಯಿಲೆಯಿಂದ ತೀರಿಕೊಂಡರು. ಆಗ ಅವರು ಮಾಡಿದ ತೀರ್ಮಾನಗಳೇ ಮುಂದಿನ ಇಪ್ಪತ್ತು ವರ್ಷದ ಕಚೇರಿಯ ಆಕಾರವನ್ನು ನಿರ್ಧರಿಸಿದವು. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಇನ್ನೊಂದು ಮದುವೆಯ ಮಾತು ಎತ್ತಿದವರಿಗೆ ನಕ್ಕು ಸುಮ್ಮನಾದರು. ಪೇಟೆಯ ಬಾಡಿಗೆ ಕೋಣೆ ಬಿಟ್ಟು, ಮನೆಯ ಚಾವಡಿ ಪಕ್ಕದ ಕೋಣೆಗೆ ಕಚೇರಿ ತಂದರು. ಕುಂದಾಪುರ, ಕಾರ್ಕಳ ಕೋರ್ಟಿನ ಕೇಸು ಹಿಡಿಯುವುದನ್ನು ನಿಲ್ಲಿಸಿದರು. ಅಲ್ಲಿಗೆ ಹೋದರೆ ಶಾಲೆ ಬಿಡುವ ಹೊತ್ತಿಗೆ ಮನೆ ಮುಟ್ಟುವುದು ಖಾತ್ರಿಯಿಲ್ಲ. ಮಧ್ಯಾಹ್ನದ ಮೇಲೆ ಪಾಟೀ ಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಇದ್ದರೆ ಎದುರು ವಕೀಲರ ಹತ್ತಿರ ಮೊದಲೇ ಮಾತಾಡಿ ಬೆಳಿಗ್ಗೆಗೆ ಹಾಕಿಸಿಕೊಳ್ಳುತ್ತಿದ್ದರು. ನಾಲ್ಕೂವರೆಗೆ ಗೌನು ಮಡಚಿ ಚೀಲಕ್ಕೆ ತುಂಬಿ ಹೊರಟರೆಂದರೆ ಹೊರಟ ಹಾಗೆ. ಬಾರಿನಲ್ಲಿ ಇದಕ್ಕೆ ನಗೆಯಾಡುವವರು ಇದ್ದರು. 'ನಾಲ್ಕೂವರೆ ವಕೀಲ್ರು' ಎಂದು ಅಡ್ಡಹೆಸರೂ ಬಿತ್ತು. ಅವರಿಗೆ ಅದರಿಂದ ಬೇಸರವಾದದ್ದನ್ನು ನಾನು ಕಂಡಿಲ್ಲ. ಗುಮಾಸ್ತರ ಹೆಂಡತಿಯಿಂದ ಎರಡು ಜಡೆ ಹಾಕುವುದನ್ನು ಕಲಿತರಂತೆ. ಮಗಳು ಹೇಳುವ ಪ್ರಕಾರ ಎಡಗಡೆಯ ಜಡೆ ಯಾವಾಗಲೂ ಬಿಗಿ, ಬಲಗಡೆಯದು ಸಡಿಲ, ಏಕೆಂದರೆ ಬಲಗಡೆಗೆ ಬರುವಷ್ಟರಲ್ಲಿ ಬಸ್ಸಿನ ಹಾರ್ನು ಕೇಳುತ್ತಿತ್ತು.

ಸಂಜೆ ಮಕ್ಕಳು ಅವರ ಕಚೇರಿ ಮೇಜಿನಲ್ಲೇ ಓದುತ್ತಿದ್ದರು. ಮೇಜಿನ ಒಂದು ಬದಿಯಲ್ಲಿ ಅಪ್ಪನ ಕೇಸಿನ ಕಾಗದದ ಕಟ್ಟು, ಇನ್ನೊಂದು ಬದಿಯಲ್ಲಿ ಗಣಿತದ ಪುಸ್ತಕ. ಕಕ್ಷಿದಾರರು ಬಂದರೆ ಜಗಲಿಯಲ್ಲಿ ಕೂರಬೇಕು, ಮಗನ ಮಗ್ಗಿ ಮುಗಿಯುವ ತನಕ. ಇದನ್ನು ಸಹಿಸಿದ ಕಕ್ಷಿದಾರರು ಮಾತ್ರ ಉಳಿದುಕೊಂಡರು, ಅವರು ಕೊನೆಯ ತನಕ ಬಿಡಲಿಲ್ಲ.

ಇದರ ಇನ್ನೊಂದು ಮುಖವೂ ಉಂಟು. ಸಂಜೆಯ ಚೇಂಬರ್ ಕೆಲಸವಿಲ್ಲ, ಹೊರಗಿನ ಕೋರ್ಟಿಲ್ಲ, ಹೊಸ ಕೇಸು ಕಡಿಮೆ ಎಂದಾದರೆ ಜೂನಿಯರುಗಳು ನಿಲ್ಲುವುದಿಲ್ಲ. ಒಬ್ಬರು ಬೆಂಗಳೂರಿಗೆ ಹೋದರು, ಇನ್ನಿಬ್ಬರು ಬೇರೆ ಕಚೇರಿ ಸೇರಿದರು. ಮಕ್ಕಳು ಓದಿ ಹೊರಗೆ ಹೋದ ಮೇಲಾದರೂ ಅವರು ಪದ್ಧತಿ ಬದಲಿಸಬಹುದಿತ್ತು, ಬದಲಿಸಲಿಲ್ಲ. ಕೊನೆಗೆ ಕಚೇರಿ ಎಂದರೆ ಅವರು, ಎಪ್ಪತ್ತರ ಹತ್ತಿರದ ಗುಮಾಸ್ತರು, ಎರಡು ಕಬ್ಬಿಣದ ಕಪಾಟು ಮತ್ತು ಒಂದು ಡೈರಿ.

ಭಾನುವಾರದ ಪಟ್ಟಿ

ಜುಲೈ ತಿಂಗಳ ಒಂದು ಶನಿವಾರ ರಾತ್ರಿ ಹೃದಯಾಘಾತವಾಯಿತು. ಮಣಿಪಾಲಕ್ಕೆ ಕರೆದೊಯ್ಯುವಷ್ಟರಲ್ಲಿ ಮುಗಿದಿತ್ತು. ಮಗಳು ಬೆಂಗಳೂರಿನಿಂದ ಬೆಳಗ್ಗೆಗೆ ಬಂದಳು, ಮಗ ಗಲ್ಫಿನಿಂದ ಮರುದಿನ.

ಅಂಥ ಹೊತ್ತಿನಲ್ಲಿ ಕೇಸಿನ ಮಾತು ಎತ್ತುವುದು ಹೇಗೆ ಎಂದು ನಾವು ಹಿಂಜರಿಯುತ್ತಿದ್ದೆವು. ಎತ್ತಿದ್ದು ಗುಮಾಸ್ತರು. "ನಾಳೆ ಎಂಟು ಕೇಸು ಉಂಟು ಮಾರ್ರೆ. ಒಂದು ಪಾಟೀ ಸವಾಲಿಗೆ ಇರುವುದು. ಯಾರಾದರೂ ನಿಲ್ಲಬೇಕಲ್ಲ?"

ನಿಲ್ಲುವುದಕ್ಕೆ ಕಾನೂನಿನ ತೊಡಕು ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದ ಪ್ರಕಾರ ವಕೀಲರು ತೀರಿಕೊಂಡ ಕ್ಷಣಕ್ಕೆ ಅವರ ವಕಾಲತ್ತೂ (ಕಕ್ಷಿದಾರ ಬರೆದುಕೊಟ್ಟ ಅಧಿಕಾರ) ಮುಗಿಯುತ್ತದೆ. ಮಿತ್ರರೆಂಬ ಕಾರಣಕ್ಕೆ ಇನ್ನೊಬ್ಬರು ಆ ಕಕ್ಷಿದಾರನ ಪರವಾಗಿ ವಾದ ಮಾಡುವಂತಿಲ್ಲ, ಕಕ್ಷಿದಾರ ಹೊಸ ವಕಾಲತ್ತಿಗೆ ಸಹಿ ಹಾಕಬೇಕು. ಆದರೆ ಕೋರ್ಟಿಗೆ ವಿಷಯ ತಿಳಿಸಲು ಯಾರ ಅಡ್ಡಿಯೂ ಇಲ್ಲ. ಸೋಮವಾರ ಬೆಳಿಗ್ಗೆ ಎಂಟೂ ಕೇಸುಗಳಲ್ಲಿ, ವಕೀಲರು ತೀರಿಕೊಂಡಿದ್ದಾರೆ, ಕಕ್ಷಿದಾರರಿಗೆ ತಿಳಿಸಲು ಕಾಲಾವಕಾಶ ಬೇಕು ಎಂದು ಮೆಮೋ ಹಾಕಿದೆವು. ಎದುರು ವಕೀಲರು ಯಾರೂ ತಕರಾರು ಮಾಡಲಿಲ್ಲ. ಎಲ್ಲದಕ್ಕೂ ಮುಂದಿನ ವಾಯಿದೆ ಸಿಕ್ಕಿತು.

ಮೊದಲ ವಾರ ಸಲೀಸಾಗಿ ನಡೆದದ್ದೇ ನಾವು ಮೋಸಹೋಗಲು ದಾರಿಯಾಗಬಹುದಿತ್ತು. ಇ-ಕೋರ್ಟ್ಸ್ ಆ್ಯಪಿನಲ್ಲಿ ವಕೀಲರ ಹೆಸರು ಅಥವಾ ಬಾರ್ ನೋಂದಣಿ ಸಂಖ್ಯೆ ಹಾಕಿದರೆ ಅವರ ಬಾಕಿ ಕೇಸುಗಳ ಪಟ್ಟಿ ಬರುತ್ತದೆ. ಪಟ್ಟಿ ಬಂತು; ನಮ್ಮ ನಮ್ಮೊಳಗೆ ಹಂಚಿಕೊಂಡೆವು; ಕೆಲಸ ಅರ್ಧ ಮುಗಿಯಿತು ಎಂದು ಒಬ್ಬರು ಹೇಳಿದರು ಕೂಡ.

ಆದರೆ ಬಾಕಿ ಕೇಸಿನ ಪಟ್ಟಿ ಹೇಳುವುದು ಕೋರ್ಟಿನಲ್ಲಿ ಇರುವುದನ್ನು. ವಕೀಲನ ತಲೆಯಲ್ಲಿ ಇರುವುದು ಅದರಲ್ಲಿ ಬರುವುದಿಲ್ಲ. ತೀರ್ಪಾಗಿ ಮುಗಿದ ಕೇಸು 'ಬಾಕಿ'ಯಲ್ಲಿ ಕಾಣುವುದಿಲ್ಲ, ಆದರೆ ಮೇಲ್ಮನವಿಯ ಅವಧಿ ಓಡುತ್ತಲೇ ಇರುತ್ತದೆ. ನೋಟೀಸು ಕೊಟ್ಟು ಇನ್ನೂ ದಾಖಲು ಮಾಡದ ಕೇಸಿಗೆ ನಂಬರೇ ಇಲ್ಲ. ತಹಶೀಲ್ದಾರರ, ಸಹಾಯಕ ಆಯುಕ್ತರ ಕಚೇರಿಯ ಪ್ರಕರಣಗಳು ಅಲ್ಲಿಲ್ಲ. ಜೂನಿಯರ್ ಜತೆ ಜಂಟಿಯಾಗಿ ವಕಾಲತ್ತು ಹಾಕಿದ ಕೇಸಿನಲ್ಲಿ ಜೂನಿಯರ್ ಹೆಸರು ಮಾತ್ರ ನಮೂದಾಗಿದ್ದರೆ ಅದೂ ತಪ್ಪಿಹೋಗುತ್ತದೆ. ಇಲ್ಲಿ ಹಾಗೆಯೇ ಆಯಿತು. ಬೆಂಗಳೂರಿಗೆ ಹೋದ ಜೂನಿಯರ್ ಹೆಸರಿನಲ್ಲಿದ್ದ ಒಂದು ದಾವೆ, ವಾದಿ ಕಡೆಯವರು ಯಾರೂ ಇಲ್ಲವೆಂದು ವಜಾ ಆಯಿತು. 9ನೇ ಆದೇಶದ 9ನೇ ನಿಯಮದಡಿ ಪುನಃ ಸ್ಥಾಪಿಸಲು 30 ದಿನ ಇರುತ್ತದೆ. ವಿಷಯ ಬೇಗ ಗೊತ್ತಾದ್ದರಿಂದ ಅರ್ಜಿ ಹಾಕಿ ಉಳಿಸಿಕೊಳ್ಳಲಾಯಿತು.

ಫೋನ್ ನೋಡೋಣವೆಂದರೆ ಅದಕ್ಕೆ ಲಾಕು, ನಂಬರು ಮಕ್ಕಳಿಗೂ ಗೊತ್ತಿಲ್ಲ. ಗುಮಾಸ್ತರಿಗೆ ಕಕ್ಷಿದಾರರ ಮನೆ ಗೊತ್ತು, ಫೋನ್ ನಂಬರು ಗೊತ್ತಿಲ್ಲ. ಸಂತೆಕಟ್ಟೆಯಿಂದ ಒಳಗೆ ಹೋಗಿ ದೈವಸ್ಥಾನ ದಾಟಿ ಎಡಕ್ಕೆ ಎಂಬ ರೀತಿಯ ಮಾಹಿತಿ ಅವರದು. ಉಳಿದದ್ದು ಡೈರಿ.

ಡೈರಿ ಕೊಡುವುದಿಲ್ಲ ಎಂದ ಮಗಳು

ಹಿರಿಯ ವಕೀಲರೊಬ್ಬರು ಸದುದ್ದೇಶದಿಂದಲೇ ಒಂದು ಸಲಹೆ ಕೊಟ್ಟರು. ಕಟ್ಟುಗಳು, ಡೈರಿ ಎಲ್ಲವನ್ನೂ ತಮ್ಮ ಕಚೇರಿಗೆ ತಂದಿಡಿ, ಕಕ್ಷಿದಾರರು ಅಲ್ಲಿಗೇ ಬರಲಿ. ನಮ್ಮಲ್ಲಿ ಹಿಂದಿನಿಂದಲೂ ಹೀಗೆಯೇ ನಡೆದುಕೊಂಡು ಬಂದದ್ದು. ಗುಮಾಸ್ತರೂ ಒಪ್ಪಿದ್ದರು. ಮಗಳು ಒಪ್ಪಲಿಲ್ಲ.

ಡೈರಿ ಕೊಡದಿರಲು ಅವಳಿಗೆ ಕಾರಣವಿತ್ತು. ಆ ಡೈರಿಯಲ್ಲಿ ಕೋರ್ಟು ಮತ್ತು ಮನೆ ಒಂದೇ ಗೆರೆಯ ಮೇಲೆ ಇರುತ್ತಿದ್ದವು. ಅವಳು ತೋರಿಸಿದ ಒಂದು ಪುಟ ಹೀಗಿತ್ತು: ಮೇಲೆ ಒ.ಎಸ್. (ಮೂಲ ದಾವೆಯ) ನಂಬರು, 'ಪಾ.ಸ.' (ಪಾಟೀ ಸವಾಲು) ಎಂದು. ಅದರ ಕೆಳಗೆ, 'ಪುಟ್ಟನಿಗೆ ದುಡ್ಡು ಕಳಿಸಬೇಕಾ ಕೇಳುವುದು, ಅವನಾಗಿ ಕೇಳುವುದಿಲ್ಲ.' ಅದರ ಕೆಳಗೆ ಇನ್ನೊಂದು ಕೇಸು, 'ಆದೇಶಕ್ಕೆ'. ಕೊನೆಗೆ, 'ಮಗಳ ಧ್ವನಿ ಸರಿ ಇರಲಿಲ್ಲ. ನಾಳೆ ಪುನಃ ಫೋನ್.' ಇಪ್ಪತ್ತು ವರ್ಷದ ಡೈರಿಗಳೂ ಹೀಗೇ. ಇದನ್ನು ಬೇರೆಯವರ ಕಚೇರಿಯ ಮೇಜಿನ ಮೇಲೆ ಇಡಲು ಯಾವ ಮಗಳು ಒಪ್ಪಿಯಾಳು?

ಕಟ್ಟುಗಳ ವಿಷಯದಲ್ಲಿ ಅವಳು ಹೇಳಿದ್ದು ಬೇರೆ ಮಾತು. "ಅಪ್ಪ ಯಾವಾಗಲೂ ಹೇಳ್ತಿದ್ದರು, ಕಟ್ಟು ಪಾರ್ಟಿಯದ್ದು, ನಾನು ಕಾಯುವವ ಮಾತ್ರ ಅಂತ. ಹಾಗಿದ್ದ ಮೇಲೆ ನಾನು ಹೇಗೆ ನಿಮಗೆ ಕೊಡಲಿ?"

ಅವಳು ಕಂಪ್ಯೂಟರ್ ಕೆಲಸದವಳು, ಕಾನೂನು ಓದಿದವಳಲ್ಲ. ಆದರೆ ಅವಳು ಹೇಳಿದ್ದೇ ಕಾನೂನು. ಆರ್.ಡಿ. ಸಕ್ಸೇನಾ ವಿರುದ್ಧ ಬಲರಾಮ್ ಪ್ರಸಾದ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ, ಫೀಸು ಬಾಕಿ ಇದ್ದರೂ ವಕೀಲನು ಕಕ್ಷಿದಾರನ ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ. ವಕೀಲನಿಗೇ ಇಲ್ಲದ ಹಕ್ಕು ಅವನ ವಾರಸುದಾರರಿಗೆ ಎಲ್ಲಿಂದ ಬರಬೇಕು? ಕಟ್ಟುಗಳು ಆಸ್ತಿಯಲ್ಲ, ಪಿತ್ರಾರ್ಜಿತವೂ ಅಲ್ಲ. ಹಿರಿಯರು ಸ್ವಲ್ಪ ಮುನಿಸಿಕೊಂಡರು. ಈ ಒಂದು ನಿಲುವಿನಿಂದ ಮುಂದಿನ ಎಲ್ಲ ಕೆಲಸ ನಿಧಾನವಾಯಿತು, ಅದು ನಿಜ. ಆದರೂ ಅವಳು ಮಾಡಿದ್ದು ಸರಿ ಎಂದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ ಸಣ್ಣ ಊರಿನ ಬಾರಿಗೇ ವಿಶಿಷ್ಟವಾದದ್ದು. ಸಹಾಯಕ್ಕೆ ಬಂದ ನಾವೇ ಕೆಲವು ಕೇಸುಗಳಲ್ಲಿ ಅವರ ಎದುರು ವಕೀಲರು. ಕಕ್ಷಿದಾರ ವಕೀಲನಿಗೆ ಹೇಳಿದ್ದು ಗುಟ್ಟಾಗಿ ಉಳಿಯಬೇಕೆಂಬ ಕಟ್ಟಳೆ ಹಳೆಯ ಸಾಕ್ಷ್ಯ ಕಾಯ್ದೆಯ 126ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 132ನೇ ಕಲಮು. ವಕೀಲಿ ಮುಗಿದ ಮೇಲೂ ಆ ಬಾಧ್ಯತೆ ಮುಗಿಯುವುದಿಲ್ಲ, ಗುಮಾಸ್ತರನ್ನೂ ಅದು ಬಿಡುವುದಿಲ್ಲ. ಹಾಗಾಗಿ ಒಂದು ಕ್ರಮ ಮಾಡಿಕೊಂಡೆವು. ಕಟ್ಟಿನ ಟೇಪು ಬಿಚ್ಚಬಾರದು. ಮೇಲಿನ ಡಾಕೆಟ್ ಹಾಳೆಯಲ್ಲಿರುವ ನಂಬರು, ಪಕ್ಷಗಾರರ ಹೆಸರು, ಕೋರ್ಟು, ಇಷ್ಟನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ನಮ್ಮಲ್ಲಿ ಯಾರಾದರೂ ಎದುರು ಕಡೆ ಇರುವ ಕಟ್ಟುಗಳನ್ನು ಮಗಳೇ ಮೊದಲು ಬೇರೆ ತೆಗೆದು ಒಳಕೋಣೆಯ ಮಂಚದ ಕೆಳಗೆ ಇಟ್ಟಳು.

ತುಳುವರ ಆಟಿ ತಿಂಗಳ ಮಳೆ. ಕಪಾಟಿನ ಕೆಳಗಿನ ತಟ್ಟೆಗಳ ಕಟ್ಟುಗಳಿಗೆ ಆಗಲೇ ಬೂಷ್ಟು ಹಿಡಿಯಲು ಸುರುವಾಗಿತ್ತು. ಚಾವಡಿಯಲ್ಲಿ ಎರಡು ಫ್ಯಾನು ಹಾಕಿ, ಹಳೆಯ ಚಾಪೆಗಳ ಮೇಲೆ ಕಟ್ಟುಗಳನ್ನು ಹರಡಿ, ದಿನಕ್ಕೊಮ್ಮೆ ಮಗುಚಿ ಹಾಕುವುದು ಗುಮಾಸ್ತರ ಕೆಲಸವಾಯಿತು. ಉತ್ತರಕ್ರಿಯೆಗೆ ಬಂದ ನೆಂಟರು ಕಾಲಿಡಲು ಜಾಗ ಹುಡುಕಬೇಕಿತ್ತು.

ಕೆಂಪು ಬಸ್ಸು

ಡೈರಿಯ ಬಿಕ್ಕಟ್ಟಿಗೆ ಮಗಳೇ ಪರಿಹಾರ ಹುಡುಕಿದಳು. ಡೈರಿ ಅವಳ ಕೈಯಲ್ಲೇ ಇರಬೇಕು. ಕಳೆದ ಆರು ತಿಂಗಳ, ಮುಂದಿನ ಆರು ತಿಂಗಳ ಪುಟಗಳಿಂದ ಕೇಸಿಗೆ ಸಂಬಂಧಪಟ್ಟದ್ದನ್ನು ಮಾತ್ರ ಅವಳು ಲ್ಯಾಪ್‌ಟಾಪಿಗೆ ಏರಿಸಿ ನಮಗೆ ಕೊಡಬೇಕು. ನಮಗೆ ಅರ್ಥವಾಗದ ಕಡೆ ಆ ಸಾಲಿನ ಫೋಟೋ ಮಾತ್ರ ಕೇಳಬಹುದು.

ಕಷ್ಟವಾದದ್ದು ಸಂಕೇತಗಳಲ್ಲಿ. ಅವರು ಕಕ್ಷಿದಾರರ ಹೆಸರು ಬರೆಯುತ್ತಿದ್ದದ್ದೇ ಕಡಿಮೆ: 'ಪಡುಬದಿ ಅಜ್ಜಿ', 'ಬೋಟಿನವರು', 'ಎರಡು ಬಾವಿ' ಎಂಬಂತೆ. ಇವನ್ನು ಗುಮಾಸ್ತರು ಬಿಡಿಸಿದರು. ಒಂದು ಫೋಟೋದಲ್ಲಿ ಸಾಲಿನ ಕೊನೆಗೆ ಕೆಂಪು ಶಾಯಿಯಲ್ಲಿ ಒಂದು ಚಿತ್ರ ಇತ್ತು. ಉದ್ದನೆಯ ಪೆಟ್ಟಿಗೆ, ಕೆಳಗೆ ಎರಡು ಸೊನ್ನೆ. ಯಾರೋ ಫೋನಿನಲ್ಲಿ ಮಾತಾಡುತ್ತಾ ಗೀಚಿದ್ದು ಎಂದು ನಾವು ಬಿಟ್ಟುಬಿಟ್ಟಿದ್ದೆವು. ಗುಮಾಸ್ತರಿಗೂ ತಿಳಿದಿರಲಿಲ್ಲ. ಒಂದು ಸಂಜೆ ನಮ್ಮಲ್ಲೊಬ್ಬರು ಅದೇ ಚಿತ್ರ ಇನ್ನೂ ಎರಡು ಕಡೆ ಇದೆಯಲ್ಲ ಎಂದಾಗ ಮಗಳು ತಲೆ ಎತ್ತಿ, "ಅದು ಲಾಸ್ಟ್ ಬಸ್ಸು" ಎಂದಳು.

ಅವಳು ಆರನೆಯ ತರಗತಿಯಲ್ಲಿದ್ದಾಗ ಮೇಜಿನ ಆ ಬದಿಯಿಂದ ಕೇಳಿದ್ದಳಂತೆ, ಈ ದಿನಕ್ಕೆ ಯಾಕೆ ಅಷ್ಟು ಗಟ್ಟಿ ಗೆರೆ ಹಾಕ್ತೀರಿ ಎಂದು. ಅದರೊಳಗೆ ಕೋರ್ಟಿಗೆ ಕೊಡದಿದ್ದರೆ ಮತ್ತೆ ತೆಗೆದುಕೊಳ್ಳುವುದಿಲ್ಲ, ಲಾಸ್ಟ್ ಬಸ್ಸು ಹೋದ ಹಾಗೆ ಎಂದು ಅವರು ಹೇಳಿದ್ದರು. ಹಾಗಾದರೆ ಬಸ್ಸೇ ಬರೀತೇನೆ ಎಂದು ಇವಳು ಕೆಂಪು ಪೆನ್ನು ತೆಗೆದುಕೊಂಡಳು. ಮಗಳು ಹಾಸ್ಟೆಲಿಗೆ, ಕೆಲಸಕ್ಕೆ ಹೋದ ಮೇಲೂ ಅವರು ಬಸ್ಸು ಬರೆಯುವುದನ್ನು ಬಿಟ್ಟಿರಲಿಲ್ಲ. ಅದು ಅವಳಿಗೂ ಆ ದಿನವೇ ಗೊತ್ತಾದದ್ದು.

ಆ ರಾತ್ರಿ ಊಟ ಮಾಡದೆ ಡೈರಿಯ ಕೆಂಪು ಬಸ್ಸುಗಳನ್ನೆಲ್ಲ ಹೆಕ್ಕಿದಳು. ಮೂರು ಮುಖ್ಯವಾದವು.

ಮೊದಲನೆಯದು ಪಡುಬದಿ ಅಜ್ಜಿಯದ್ದು. ಗಡಿ ತಕರಾರಿನ ದಾವೆಯಲ್ಲಿ ಜೂನ್ ನಡುವಿಗೆ ಅವರ ವಿರುದ್ಧ ಡಿಕ್ರಿ ಆಗಿತ್ತು. ಇಂಥ ಡಿಕ್ರಿಗೆ ಮೇಲ್ಮನವಿ ಹಾಕಲು 30 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು, ದಾವೆ ಮೇಲ್ಮನವಿಗಳ ಗಡುವು ಹೇಳುವ ಪರಿಮಿತಿ ಕಾಯ್ದೆಯ 12ನೇ ಕಲಮಿನಂತೆ ಅದರಲ್ಲಿ ಕಳೆಯಬಹುದು. ನಕಲಿಗೆ ವಕೀಲರು ಅರ್ಜಿ ಹಾಕಿದ್ದರು, ನಕಲು ತಯಾರಾಗಿ ನಕಲು ವಿಭಾಗದಲ್ಲಿ ಬಿದ್ದಿತ್ತು. ಲೆಕ್ಕ ಹಾಕಿದರೆ ನಾಲ್ಕು ದಿನ ಉಳಿದಿತ್ತು. ಗುಮಾಸ್ತರು ಮಳೆಯಲ್ಲೇ ರಿಕ್ಷಾ ಹಿಡಿದು ಹೋದರು. ಅಜ್ಜಿಗೆ ವಕೀಲರು ಹೋದ ಸುದ್ದಿಯೇ ಮುಟ್ಟಿರಲಿಲ್ಲ. ಮರುದಿನ ಚಾವಡಿಗೆ ಬಂದು ಕುಳಿತು, "ವಕೀಲ್ರು ನೋಡಿಕೊಳ್ತಾರೆ ಅಂತ ಇದ್ದೆ ಮಗಾ. ಅವರೇ ಇಲ್ಲದ ಮೇಲೆ ಎಂತ ಅಪೀಲು?" ಎಂದು ಎದ್ದು ಹೊರಟರು. ಅವರನ್ನು ಕೂರಿಸಿ ಒಪ್ಪಿಸಿದ್ದು ವಕೀಲರಾದ ನಾವಲ್ಲ, ಮಗಳು. ಮೇಲ್ಮನವಿ ಅವಧಿಯೊಳಗೆ ದಾಖಲಾಯಿತು.

ಎರಡನೆಯದು ಮೀನು ವ್ಯಾಪಾರದ ಚೆಕ್ ಬೌನ್ಸ್. ವಕೀಲರು ನೋಟೀಸು ಕೊಟ್ಟಿದ್ದರು, ದುಡ್ಡು ಕಟ್ಟಲು ಕಾನೂನು ಕೊಡುವ 15 ದಿನ ಕಳೆದಿತ್ತು. ಅಲ್ಲಿಂದ ಒಂದು ತಿಂಗಳೊಳಗೆ ಫಿರ್ಯಾದು ಕೊಡಬೇಕು. ಸಂಕೇತ ಬಿಡಿಸುವಷ್ಟರಲ್ಲಿ ಆ ಬಸ್ಸು ಹೋಗಿತ್ತು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 142ನೇ ಕಲಮು ಸಾಕಷ್ಟು ಕಾರಣ ತೋರಿಸಿದರೆ ವಿಳಂಬ ಮನ್ನಿಸಲು ಅವಕಾಶ ಕೊಡುತ್ತದೆ. ಮರಣ ಪ್ರಮಾಣಪತ್ರದ ಪ್ರತಿ ಸೇರಿಸಿ ಅರ್ಜಿ ಹಾಕಿದ ಹೊಸ ವಕೀಲರಿಗೆ ಆ ಅವಕಾಶ ಸಿಕ್ಕಿತು. ಆದರೆ ಆರೋಪಿಯ ಕಡೆಯವರು ಅದನ್ನೇ ಹಿಡಿದು ಕೆಲವು ತಿಂಗಳು ಎಳೆದರು.

ಮೂರನೆಯದು ಪಾಲಿನ ದಾವೆ. ಮೂವತ್ತು ಮಂದಿ ಪ್ರತಿವಾದಿಗಳಿರುವ ನಮ್ಮ ಊರಿನ ಪಾಲಿನ ಕೇಸುಗಳಲ್ಲಿ ತೀರ್ಪಿಗಿಂತ ಮೊದಲು ಯಾರಾದರೊಬ್ಬರು ಸಾಯದೆ ಇರುವುದಿಲ್ಲ. ಮೇ ತಿಂಗಳಲ್ಲಿ ಒಬ್ಬ ಪ್ರತಿವಾದಿ ತೀರಿಕೊಂಡಿದ್ದರು. 90 ದಿನದೊಳಗೆ ವಾರಸುದಾರರನ್ನು ದಾಖಲೆಗೆ ತರದಿದ್ದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ. ಇದಕ್ಕೆ ಸಮಯವಿತ್ತು, ಅರ್ಜಿಯ ಕರಡೂ ವಕೀಲರದೇ ಅಕ್ಷರದಲ್ಲಿ ಕಟ್ಟಿನ ಮೇಲೆ ಸಿಕ್ಕಿತು.

ದುಡ್ಡು, ಉಯಿಲು, ಹಳೆಯ ನಾಮಿನಿ

ಕಕ್ಷಿದಾರರು ಸ್ಟಾಂಪು, ಕೋರ್ಟ್ ಫೀಗೆ ಕೊಟ್ಟ ಹಣ ವಕೀಲರ ಉಳಿತಾಯ ಖಾತೆಯಲ್ಲೇ ಇತ್ತು. ಆದರೆ ಅದರ ಲೆಕ್ಕ ಕೆಂಪು ರಟ್ಟಿನ ಪುಸ್ತಕದಲ್ಲಿ ಪೈಸೆ ಸಮೇತ ಬರೆದಿಟ್ಟಿದ್ದರು. ಖಾತೆಗೆ ಮಗ ನಾಮಿನಿ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವವನು, ಒಡೆಯನಲ್ಲ. ವಾರಸುದಾರರ ಪಾಲು ಹಂಚುವ ಮೊದಲೇ ಕಕ್ಷಿದಾರರ ಹಣವನ್ನು ಬೇರೆ ಮಾಡಬೇಕು. ಮಗ ಗಲ್ಫಿಗೆ ಮರಳುವ ಮುಂಚೆ ಪುಸ್ತಕದಲ್ಲಿದ್ದ ಪ್ರತಿಯೊಂದು ಬಾಕಿಯನ್ನೂ ಚೆಕ್ ಮೂಲಕ ಕೊಟ್ಟು, ರಸೀದಿ ಪಡೆದ.

ಪುಸ್ತಕದಲ್ಲಿ ಇಲ್ಲದ ಹಣ ಕೇಳಿಕೊಂಡು ಇಬ್ಬರು ಬಂದರು. ಒಬ್ಬರ ಹತ್ತಿರ ಬ್ಯಾಂಕಿನ ದಾಖಲೆ ಇತ್ತು, ಕೊಟ್ಟಾಯಿತು. ಇನ್ನೊಬ್ಬರಲ್ಲಿ ಏನೂ ಇರಲಿಲ್ಲ, ಮೊತ್ತ ಸಣ್ಣದಲ್ಲ. ಪೈಸೆ ಬಿಡದೆ ಬರೆದ ಮನುಷ್ಯ ಇದೊಂದನ್ನು ಬಿಟ್ಟಿರಲಾರರು, ಕೊಡಬೇಡ ಎಂದು ನಾವೆಲ್ಲ ಹೇಳಿದೆವು. ಅಪ್ಪನ ಹೆಸರಿನಲ್ಲಿ ಯಾರೂ ಊರಲ್ಲಿ ಮಾತಾಡಬಾರದು ಎಂದು ಮಗ ಅರ್ಧ ಕೊಟ್ಟ. ನನಗೆ ಇದು ಇಂದಿಗೂ ಒಪ್ಪಿಗೆಯಿಲ್ಲ. ಅರ್ಧ ಕೊಟ್ಟದ್ದರಿಂದ ಉಳಿದರ್ಧ ನುಂಗಿದರು ಎಂಬ ಮಾತಿಗೇ ಜಾಗ ಆಯಿತು. ಕೊಡುವುದಾದರೆ ಪೂರ್ತಿ ಕೊಡಬೇಕು, ಇಲ್ಲವಾದರೆ ದಾಖಲೆ ಕೇಳಬೇಕು.

ಫೀಸು ಬಾಕಿ ಇಟ್ಟ ಕಕ್ಷಿದಾರರೂ ಬೇಕಾದಷ್ಟಿದ್ದರು. ಮಗಳು ಯಾರನ್ನೂ ಕೇಳಲಿಲ್ಲ. ಕೆಲವರು ತಾವಾಗಿ ಹಣದ ಕವರು ತಂದುಕೊಟ್ಟರು, ಒಬ್ಬರು ಬಾಳೆಗೊನೆ ಇಟ್ಟು ಹೋದರು. ಹೆಚ್ಚಿನವರು ಕಟ್ಟು ಪಡೆದು, ಪುಸ್ತಕದಲ್ಲಿ ಸಹಿ ಹಾಕಿ, ಅವರ ಗುಣಗಾನ ಮಾಡಿ ಹೊರಟರು.

ಕಪಾಟಿನ ಮೇಲಿನ ತಟ್ಟೆಯಲ್ಲಿ ಅರಗು ಹಾಕಿದ ನಾಲ್ಕು ಲಕೋಟೆ ಸಿಕ್ಕಿದವು, ಉಯಿಲುಗಳು. ಬರೆಸಿದವರಲ್ಲಿ ಮೂವರು ಬದುಕಿದ್ದರು. ಮಕ್ಕಳ ಕೈಗಲ್ಲ, ಬರೆಸಿದವರ ಕೈಗೇ ಎಂದು ತೀರ್ಮಾನಿಸಿ ಮನೆಗೆ ಹೋಗಿ ಕೊಟ್ಟು ಬಂದೆವು. ನೋಂದಣಿ ಕಾಯ್ದೆಯ 42ನೇ ಕಲಮಿನಡಿ ಮುಚ್ಚಿದ ಲಕೋಟೆಯಲ್ಲಿ ಉಯಿಲನ್ನು ಜಿಲ್ಲಾ ನೋಂದಣಾಧಿಕಾರಿಯವರಲ್ಲಿ ಠೇವಣಿ ಇಡಬಹುದೆಂದು ಅವರಿಗೆ ತಿಳಿಸಿದೆವು. ನಾಲ್ಕನೆಯವರು ತೀರಿಕೊಂಡಿದ್ದರು. ಲಕೋಟೆಯ ಮೇಲೆ ಅವರ ಕೈಬರಹದಲ್ಲೇ, ತನ್ನ ನಂತರ ಯಾರಿಗೆ ಕೊಡಬೇಕು ಎಂದಿತ್ತು. ಎಲ್ಲ ವಾರಸುದಾರರಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ತಿಳಿಸಿ, ಬಂದವರ ಎದುರು, ಅರಗು ಒಡೆಯದೆ ಆ ವ್ಯಕ್ತಿಗೆ ಕೊಟ್ಟೆವು. ಇಬ್ಬರು ಜಗಳವಾಡಿದರು. ಆ ಜಗಳ ನಡೆಯಬೇಕಾದದ್ದು ಕೋರ್ಟಿನಲ್ಲಿ, ಈ ಚಾವಡಿಯಲ್ಲಲ್ಲ ಎಂದು ಗುಮಾಸ್ತರು ಬಾಗಿಲು ತೋರಿಸಿದರು.

1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆಯಡಿ ಕುಟುಂಬಕ್ಕೆ ಬರಬೇಕಾದ ಹಣ ತಡವಾಯಿತು. ಕಾರಣ, ನಾಮಿನಿ ಜಾಗದಲ್ಲಿ ಇನ್ನೂ ಹೆಂಡತಿಯ ಹೆಸರೇ ಇತ್ತು. ಊರಿಗೆಲ್ಲ ಪರಿಮಿತಿ ಕಾಯ್ದೆ ಹೇಳಿದ ಮನುಷ್ಯ ಆ ಒಂದು ಫಾರಂ ಬದಲಿಸದೆ ಬಿಟ್ಟದ್ದು ಮರೆವೋ, ಮನಸ್ಸಿಲ್ಲದೆಯೋ, ಮಕ್ಕಳಿಗೂ ಹೇಳಲಾಗಲಿಲ್ಲ. ನಾಡಕಚೇರಿಯಿಂದ ವಂಶವೃಕ್ಷ ದೃಢೀಕರಣ ತರಿಸಿ ಸರಿಮಾಡಬೇಕಾಯಿತು.

ಈಗಿನ ಸ್ಥಿತಿ

ಚಾಲ್ತಿಯಲ್ಲಿದ್ದ ಕೇಸುಗಳೆಲ್ಲ ಕಕ್ಷಿದಾರರು ತಾವೇ ಆರಿಸಿದ ವಕೀಲರ ಕೈ ಸೇರಿವೆ. ಆರಂಭದಲ್ಲಿ ಎಲ್ಲವನ್ನೂ ತಮ್ಮ ಕಚೇರಿಗೆ ತನ್ನಿ ಎಂದಿದ್ದ ಹಿರಿಯರ ಹತ್ತಿರವೇ ಬಹಳ ಮಂದಿ ಹೋದರು. ಮುನಿಸು ಅಲ್ಲಿಗೆ ತೀರಿತು. ಮೇಲ್ಮನವಿಯಲ್ಲಿ ಅಜ್ಜಿಗೆ ತಡೆಯಾಜ್ಞೆ ಸಿಕ್ಕಿದೆ, ವಾದ ಬಾಕಿ.

ಇದರಲ್ಲಿ ಪಾಲ್ಗೊಂಡ ನಾವು ನಮ್ಮ ಕಚೇರಿಗಳಲ್ಲಿ ಕೆಲವು ಬದಲಾವಣೆ ಮಾಡಿಕೊಂಡೆವು. ಕೊನೆಯ ದಿನಾಂಕಗಳು ಡೈರಿಯಲ್ಲದೆ ಇನ್ನೊಂದು ಕಡೆ, ಇನ್ನೊಬ್ಬರು ಓದಬಲ್ಲ ರೀತಿಯಲ್ಲಿ ಇರಬೇಕು. ಮುಖ್ಯವಾಗಿ ನಂಬರು ಬೀಳದ ಕೇಸುಗಳದ್ದು. ಡಾಕೆಟ್ ಹಾಳೆಯ ಮೇಲೆ ಕಕ್ಷಿದಾರರ ಫೋನು, ಜತೆಗೆ ಮನೆಯವರೊಬ್ಬರ ಫೋನು. ತಾನಿಲ್ಲದಿದ್ದರೆ ಕೋರ್ಟಿಗೆ ಮೆಮೋ ಹಾಕುವವರು ಯಾರು ಎಂಬ ಒಂದು ಪತ್ರ, ಎದುರು ಕಡೆ ನಿಲ್ಲದ ವಕೀಲರ ಹೆಸರಿಗೆ. ಸಣ್ಣ ಬಾರಿನಲ್ಲಿ ಅಂಥವರನ್ನು ಹುಡುಕುವುದೇ ಕಷ್ಟ. ನಾನು ಮಣಿಪಾಲದ ಕಡೆಯ, ಹೆಚ್ಚಾಗಿ ಗ್ರಾಹಕ ಆಯೋಗದ ಕೆಲಸ ಮಾಡುವ ಸ್ನೇಹಿತರೊಬ್ಬರ ಹೆಸರು ಬರೆದೆ. ಒಂದು ಸಲಹೆಯನ್ನು ಮಾತ್ರ ನಾವು ಯಾರೂ ಪಾಲಿಸಿಲ್ಲ: ಮನೆಯ ವಿಷಯವನ್ನು ಕೇಸಿನ ಡೈರಿಯಲ್ಲಿ ಬರೆಯಬಾರದು ಎಂಬುದು. ಬೇರೆ ಡೈರಿ ಕೊಂಡವರೂ ಬರೆಯುತ್ತಿರುವುದು ಒಂದರಲ್ಲೇ.

ಯಾರೂ ಕೇಳಿಕೊಂಡು ಬಾರದ ಹಳೆಯ ಕಟ್ಟುಗಳು ಏಳು ಉಳಿದಿವೆ. ಅವು ಈಗ ಪ್ಲಾಸ್ಟಿಕ್ ಡಬ್ಬದಲ್ಲಿ, ಬೂಷ್ಟು ಹಿಡಿಯದ ಹಾಗೆ. ಒಂದರಲ್ಲಿ ಮೂಲಗೇಣಿ ಚೀಟಿಯ ಅಸಲು ಇದೆ ಎಂದು ಡಾಕೆಟ್ ಹೇಳುತ್ತದೆ. ಮೂಲಗೇಣಿದಾರರಿಗೆ ಒಡೆತನ ಕೊಡುವ 2011ರ ಕಾಯ್ದೆಯಡಿ ಕೇಳುವುದಿದ್ದರೆ ಆ ಮನೆಯವರಿಗೆ ಅದು ಬೇಕೇ ಬೇಕು. ಮನೆಯವರೆಲ್ಲ ಮುಂಬೈಯಲ್ಲಿ; ಹಳೆಯ ವಿಳಾಸಕ್ಕೆ ಹಾಕಿದ ಪತ್ರ ಎರಡು ಸಲ ವಾಪಸು ಬಂತು. ಗುಮಾಸ್ತರು ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಆ ಮನೆತನದ ದೈವಕ್ಕೆ ಬೇಸಿಗೆಯಲ್ಲಿ ನೇಮೋತ್ಸವ ಉಂಟು, ಎಲ್ಲಿದ್ದರೂ ಅದಕ್ಕೆ ಬಂದೇ ಬರುತ್ತಾರೆ, ಅಲ್ಲೇ ಸಹಿ ಹಾಕಿಸಿಕೊಂಡು ಕೊಡುತ್ತೇನೆ ಎಂದಿದ್ದಾರೆ. ರಸೀದಿ ಪುಸ್ತಕ ಅವರ ಚೀಲದಲ್ಲೇ ಇದೆ.